ಗೊತ್ತಿದ್ದೂ ಮಾಡಲಾಗದ ಮಗು: ಕೊಡಗಿನ ಮನೆ, ಶಾಲೆ, ಮಳೆಗಾಲ ಮತ್ತು ಎಡಿಎಚ್‌ಡಿ

ಜುಲೈ ತಿಂಗಳು ಬಂತೆಂದರೆ ಕೊಡಗಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರ ಕಣ್ಣೂ ಮೊಬೈಲ್ ಕಡೆಗಿರುತ್ತದೆ. ನಾಳೆ ಶಾಲೆ ಇದೆಯೋ ಇಲ್ಲವೋ? ಮಳೆ ರಜೆಯ ಆದೇಶ ಕೆಲವು ಸಲ ರಾತ್ರಿಯೇ ಬರುತ್ತದೆ, ಕೆಲವು ಸಲ ಮಗುವಿಗೆ ಸಮವಸ್ತ್ರ ತೊಡಿಸಿ ತಿಂಡಿ ಡಬ್ಬಿ ತುಂಬಿದ ಮೇಲೆ ಬರುತ್ತದೆ. ಹೆಚ್ಚಿನ ಮಕ್ಕಳು ಕುಣಿದಾಡುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಆ ಸುದ್ದಿ ಓದಿದ ತಾಯಿಗೆ ನಾಳೆಯ ದಿನವನ್ನು ನೆನೆದೇ ಸುಸ್ತಾಗುತ್ತದೆ.

ಅಂಥ ಒಬ್ಬ ತಾಯಿ ಕಳೆದ ಮಳೆಗಾಲದಲ್ಲಿ ನನಗೆ ಫೋನ್ ಮಾಡಿದ್ದಳು. "ಟೀಚರ್, ಇವತ್ತಿಗೆ ನಾಲ್ಕನೇ ದಿನ. ಕರೆಂಟ್ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಬೆಳಗಿನಿಂದ ಮಂಚದಿಂದ ಹಾರುತ್ತಲೇ ಇದ್ದಾನೆ. ತಂಗಿಯನ್ನು ತಳ್ಳಿದ. ಎರಡು ಏಟು ಕೊಟ್ಟೆ, ಆಮೇಲೆ ಅಡುಗೆಮನೆಗೆ ಹೋಗಿ ನಾನೇ ಅತ್ತೆ." ಅವಳ ಮಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ ಇದೆ ಎಂದು ಮೈಸೂರಿನ ವೈದ್ಯರು ಹೇಳಿ ಆಗ ಒಂದು ವರ್ಷವಾಗಿತ್ತು. ಹೆಸರು ತಿಳಿದಿತ್ತು, ಏನು ಮಾಡಬೇಕೆಂಬುದು ತಿಳಿದಿರಲಿಲ್ಲ.

ಮೂವತ್ತು ವರ್ಷ ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಮಕ್ಕಳನ್ನು ನಾವು ಕರೆಯುವ ಮಾತುಗಳೆಲ್ಲ ನನಗೆ ಬಾಯಿಪಾಠ: ತುಂಟ, ಒಂದು ಕಡೆ ಕೂರದವನು, ಲಕ್ಷ್ಯವಿಲ್ಲದವಳು, ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದವನು. ಎಲ್ಲಕ್ಕಿಂತ ಹೆಚ್ಚಾಗಿ ಬಳಸುವ ವಾಕ್ಯ, "ಬುದ್ಧಿ ಇದೆ, ಉಪಯೋಗಿಸುವುದಿಲ್ಲ". ನಾನೂ ಅಂಕಪಟ್ಟಿಗಳ ಮೇಲೆ ಇದನ್ನು ಎಷ್ಟೋ ಸಲ ಬರೆದಿದ್ದೇನೆ. ಈ ವಾಕ್ಯದ ಮೊದಲರ್ಧ ಸರಿ, ಉಳಿದರ್ಧ ತಪ್ಪು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಕನ್ನಡದಲ್ಲಿ ಬರೆಯುವುದು ರೂಢಿ. ಈ ಅನುವಾದವೇ ಅರ್ಧ ಗೊಂದಲಕ್ಕೆ ಕಾರಣ ಎಂದು ನನಗೆ ಅನ್ನಿಸುತ್ತದೆ. ಈ ಮಕ್ಕಳಲ್ಲಿ ಗಮನ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆ ತಿರುಗಿಸುವ, ಬೇಡದ ಕಡೆಯಿಂದ ಎಳೆದು ತರುವ, ಕೈ ಮುಂದೆ ಹೋಗುವ ಮೊದಲು ಒಂದು ಕ್ಷಣ ತಡೆಯುವ ಶಕ್ತಿ ವಯಸ್ಸಿಗೆ ತಕ್ಕಷ್ಟು ಬೆಳೆದಿರುವುದಿಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗ ಮಾಡುವ ಕೆಲಸ ಇದು. ಮಾಡಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಸಮಯ ಎಷ್ಟು ಸರಿಯಿತೆಂದು ಅಂದಾಜು ಮಾಡುವುದು, ಆಸೆಯನ್ನು ಸ್ವಲ್ಪ ಹೊತ್ತು ಮುಂದೂಡುವುದು, ಸಿಟ್ಟು ನುಂಗುವುದು ಎಲ್ಲವೂ ಅಲ್ಲೇ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಮಕ್ಕಳ ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಎಡಿಎಚ್‌ಡಿ ಇರುವ ಮಕ್ಕಳಲ್ಲಿಯೂ ಮಿದುಳಿನ ಹೊರಪದರ ಬೆಳೆಯುವ ಕ್ರಮ ಉಳಿದ ಮಕ್ಕಳಂತೆಯೇ ಇತ್ತು, ಆದರೆ ಸರಾಸರಿ ಮೂರು ವರ್ಷ ತಡವಾಗಿತ್ತು. ಹಾಗೆಂದು ಮಿದುಳಿನ ಚಿತ್ರ ತೆಗೆದು ಎಡಿಎಚ್‌ಡಿ ಹೌದೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಅದು ನೂರಾರು ಮಕ್ಕಳ ಸರಾಸರಿ. ಆದರೂ ಮನೆಯಲ್ಲಿ ಮಗುವಿನ ಜೊತೆ ದಿನ ಕಳೆಯುವವರಿಗೆ ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಗಣಿತದಲ್ಲಿ, ಮಾತಿನಲ್ಲಿ, ಕುತೂಹಲದಲ್ಲಿ ಒಂಬತ್ತು ವರ್ಷದವನಂತಿರುವ ಹುಡುಗ, ತನ್ನನ್ನು ತಾನು ತಡೆದುಕೊಳ್ಳುವ ವಿಷಯದಲ್ಲಿ ಆರು ವರ್ಷದವನಂತಿರಬಹುದು. ಆರು ವರ್ಷದ ಮಗುವನ್ನು ಒಂಟಿಯಾಗಿ ಕೋಣೆಗೆ ಕಳುಹಿಸಿ "ಅರ್ಧ ಗಂಟೆಯಲ್ಲಿ ಮಗ್ಗಿ ಬರೆದು ಮುಗಿಸು" ಎಂದು ನಾವು ಹೇಳುವುದಿಲ್ಲ.

ಹಾಗಾಗಿ ಅವನಿಗೆ ಬುದ್ಧಿ ಹೇಳಿ ಪ್ರಯೋಜನ ಕಡಿಮೆ. ಹೇಳಿದ್ದು ಅವನಿಗೆ ಮೊದಲೇ ಗೊತ್ತು. ತಂಗಿಯನ್ನು ತಳ್ಳಬಾರದು ಎಂಬುದನ್ನು ಆ ಹುಡುಗ ನನಗೇ ಚೆನ್ನಾಗಿ ವಿವರಿಸಿದ್ದಾನೆ. ತಳ್ಳುವ ಆ ಕ್ಷಣದಲ್ಲಿ ಆ ತಿಳಿವಳಿಕೆ ಅವನ ಕೈಗೆ ಸಿಗುವುದಿಲ್ಲ, ಅಷ್ಟೇ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ಕಂದಕವೇ ಎಡಿಎಚ್‌ಡಿಯ ತಿರುಳು. ಇದು ಅರ್ಥವಾದರೆ ನೆರವನ್ನು ಎಲ್ಲಿ ಇಡಬೇಕು ಎಂಬುದೂ ಅರ್ಥವಾಗುತ್ತದೆ: ಉಪದೇಶದ ರೂಪದಲ್ಲಿ ಮೊದಲೇ ಕೊಟ್ಟರೆ ಸಾಲದು, ಶಿಕ್ಷೆಯ ರೂಪದಲ್ಲಿ ಆಮೇಲೆ ಕೊಟ್ಟರೆ ತಡವಾಯಿತು, ಕೆಲಸ ನಡೆಯುವ ಜಾಗದಲ್ಲಿ ಆ ಹೊತ್ತಿಗೇ ನೆರವು ಸಿಗಬೇಕು.

"ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲುಗಾಡದೆ ಕೂರುತ್ತಾನಲ್ಲ, ಗಮನ ಇಲ್ಲದ್ದು ಹೇಗೆ?" ಎಂದು ಅಪ್ಪಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಾಕಿ ಮೈದಾನದಲ್ಲಿ ಚೆಂಡಿನ ಮೇಲಿನ ಕಣ್ಣು ಕೀಳದ ಹುಡುಗಿ ತರಗತಿಯಲ್ಲಿ ಕಪ್ಪುಹಲಗೆಯ ಎರಡು ಸಾಲು ನಕಲು ಮಾಡಲಾರಳು, ಇದೂ ನಾನು ಕಂಡದ್ದೇ. ಆಟವೂ ಮೊಬೈಲ್ ಪರದೆಯೂ ಕ್ಷಣಕ್ಷಣಕ್ಕೆ ಏನಾದರೂ ಮರಳಿ ಕೊಡುತ್ತವೆ. ಅಲ್ಲಿ ಗಮನವನ್ನು ಹಿಡಿದಿಡುವ ಕೆಲಸ ಹೊರಗಿನಿಂದಲೇ ನಡೆಯುತ್ತದೆ. ಮಗ್ಗಿಯ ಪುಸ್ತಕ ಏನನ್ನೂ ಕೊಡುವುದಿಲ್ಲ, ಗಮನವನ್ನು ಒಳಗಿನಿಂದಲೇ ತಳ್ಳಬೇಕು. ಈ ಮಕ್ಕಳಿಗೆ ಕಷ್ಟವಾಗುವುದು ಈ ಎರಡನೆಯದು.

ಇದು ಮೊಬೈಲ್ ಕಾಲದ ಕಾಯಿಲೆ ಎನ್ನುವವರಿಗೆ ಇತಿಹಾಸ ಸ್ವಲ್ಪ ತಿಳಿಸಬೇಕು. ಗಮನ ಒಂದೆಡೆ ನಿಲ್ಲದ ಸ್ಥಿತಿಯನ್ನು ಸ್ಕಾಟ್‌ಲ್ಯಾಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ಬರೆದಿಟ್ಟಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಶಕ್ತಿಯಲ್ಲಿ ಕೊರತೆಯಿಲ್ಲದೆಯೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ಕುರಿತು ಉಪನ್ಯಾಸಗಳನ್ನು ಕೊಟ್ಟರು. ಸಕ್ಕರೆ ತಿಂದು ಬರುವುದಲ್ಲ ಇದು, ತಾಯಿ ಮುದ್ದು ಮಾಡಿದ್ದರಿಂದ ಬರುವುದೂ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಲಕ್ಷಣಗಳಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇಕಡ 70ರಿಂದ 80ರಷ್ಟು ಪಾಲು ಅನುವಂಶೀಯತೆಯದು. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ತೂಕ ತೀರಾ ಕಡಿಮೆಯಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರ ಕೋಣೆಯಿಂದ ಹೊರಬಂದ ಅಪ್ಪ, ಬಸ್ಸಿನಲ್ಲಿ ಅರ್ಧ ದಾರಿ ಸುಮ್ಮನಿದ್ದು, "ನಾನೂ ಹೀಗೇ ಇದ್ದೆ" ಎಂದು ಮೆಲ್ಲಗೆ ಹೇಳುವುದು ಅಪರೂಪವಲ್ಲ.

ವಿಶ್ವದ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಅಂದಾಜು 100 ಮಕ್ಕಳಲ್ಲಿ ಸುಮಾರು 5. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ನನ್ನ ಮೂವತ್ತು ವರ್ಷಗಳಿಗೆ ಈ ಲೆಕ್ಕ ಹಾಕಿ ನೋಡಿದಾಗ, ನಾನು ಗುರುತಿಸದೆ ಬಿಟ್ಟ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಅವರಲ್ಲಿ ಹುಡುಗಿಯರು ಹೆಚ್ಚು. ಓಡಾಡುವ ಹುಡುಗನನ್ನು ಎಲ್ಲರೂ ಗಮನಿಸುತ್ತಾರೆ. ಕಿಟಕಿಯಾಚೆಯ ಮಂಜನ್ನು ನೋಡುತ್ತ ಸದ್ದಿಲ್ಲದೆ ಕುಳಿತು, ಪೆನ್ಸಿಲ್ ಕಳೆದುಕೊಂಡು, ಅರ್ಧ ಬರೆದ ಉತ್ತರದಲ್ಲೇ ನಿಂತುಹೋಗುವ ಹುಡುಗಿಯನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ಅವಳು ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲವಲ್ಲ.

ಹಾಗಾದರೆ ತುಂಟತನ ಎಲ್ಲಿ ಮುಗಿಯುತ್ತದೆ, ಎಡಿಎಚ್‌ಡಿ ಎಲ್ಲಿ ಶುರುವಾಗುತ್ತದೆ? ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಅಥವಾ ಚಟುವಟಿಕೆ ಮತ್ತು ಆತುರಕ್ಕೆ ಸಂಬಂಧಿಸಿದ ಒಂಬತ್ತರಲ್ಲಿ ಕನಿಷ್ಠ ಆರು ಇರಬೇಕು. ಆರು ತಿಂಗಳಾದರೂ ಮುಂದುವರಿದಿರಬೇಕು, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು, ಮಗುವಿನ ಓದು ಅಥವಾ ಸಂಬಂಧಗಳಿಗೆ ನಿಜವಾಗಿ ತೊಡಕಾಗಿರಬೇಕು. ಈ ಎರಡು ಕಡೆ ಎಂಬ ಷರತ್ತನ್ನು ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ನೆನಪಿಡಬೇಕು. ಕಾಫಿ ತೋಟದ ನಡುವಿನ ಮನೆಯಲ್ಲಿ ಬೆಳೆಯುವ ಮಗುವಿಗೆ ಓಡಲು ಎಕರೆಗಟ್ಟಲೆ ಜಾಗ, ಹತ್ತಲು ಮರ, ಹಿಂದೆ ಓಡಿಬರಲು ನಾಯಿ. ಅಲ್ಲಿ ಅವನ ಚಟುವಟಿಕೆ ಯಾರಿಗೂ ಸಮಸ್ಯೆಯಾಗಿ ಕಾಣುವುದಿಲ್ಲ. ಶಾಲೆಯವರು ದೂರು ಹೇಳಿದಾಗ "ಮನೆಯಲ್ಲಿ ಏನೂ ತೊಂದರೆ ಇಲ್ಲವಲ್ಲ" ಎಂದು ಪೋಷಕರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅದೇ ಮಗುವನ್ನು ಮಳೆ ನಾಲ್ಕು ದಿನ ಮನೆಯೊಳಗೆ ಕೂರಿಸಿದಾಗ ಶಿಕ್ಷಕರು ಕಂಡದ್ದು ತಾಯಿಗೂ ಕಾಣುತ್ತದೆ.

ಎಡಿಎಚ್‌ಡಿಯಂತೆ ಕಾಣುವ ಬೇರೆ ಸಂಗತಿಗಳೂ ಇವೆ, ಅವುಗಳನ್ನು ಮೊದಲು ಪಕ್ಕಕ್ಕೆ ಸರಿಸಬೇಕು. ಕಿವಿ ಸರಿಯಾಗಿ ಕೇಳದ ಮಗು, ಕನ್ನಡಕ ಬೇಕಾದ ಮಗು, ರಾತ್ರಿ ಗೊರಕೆ ಹೊಡೆದು ನಿದ್ದೆ ಕೆಡುವ ಮಗು, ರಕ್ತಹೀನತೆ ಇರುವ ಮಗು, ಇವರೆಲ್ಲರ ಲಕ್ಷ್ಯವೂ ಚದುರುತ್ತದೆ. ಕೊಡಗಿನಲ್ಲಿ ಭಾಷೆಯ ಪ್ರಶ್ನೆ ದೊಡ್ಡದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಅಥವಾ ಯರವ ಭಾಷೆ ಆಡುವ ಮಗು ಶಾಲೆಯಲ್ಲಿ ಕನ್ನಡವನ್ನೋ ಇಂಗ್ಲಿಷನ್ನೋ ಎದುರಿಸುತ್ತದೆ. ತೋಟದ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವ ಅಸ್ಸಾಮಿನ ಕಾರ್ಮಿಕರ ಮಗುವಿಗೆ ಸುತ್ತಲಿನ ಒಂದು ಭಾಷೆಯೂ ತನ್ನದಲ್ಲ. ಪಾಠ ಅರ್ಥವಾಗದೆ ಆಚೀಚೆ ನೋಡುವ ಮಗುವಿಗೆ ಎಡಿಎಚ್‌ಡಿ ಎಂದು ಹೆಸರಿಡುವುದು ಅನ್ಯಾಯ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ ಕಳೆದುಕೊಂಡು, ಪರಿಹಾರ ಕೇಂದ್ರದಲ್ಲಿ ದಿನ ಕಳೆದ ಮಕ್ಕಳಲ್ಲಿ ಕೆಲವರು ಮಳೆ ಜೋರಾದರೆ ಬೆಚ್ಚುತ್ತಿದ್ದರು, ಪಾಠದಲ್ಲಿ ಮನಸ್ಸು ನಿಲ್ಲಿಸಲಾರದೆ ಒದ್ದಾಡುತ್ತಿದ್ದರು. ಅದು ಭಯದ ಗಾಯ, ಅದರ ಆರೈಕೆ ಬೇರೆ. ಇನ್ನೊಂದು ಮಾತು: ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹೆಸರು ಬೀಳುವುದು ಹೆಚ್ಚು ಎಂದು ಹಲವು ದೇಶಗಳಲ್ಲಿ ಕಂಡುಬಂದಿದೆ. ಹನ್ನೊಂದು ತಿಂಗಳು ಚಿಕ್ಕವನು ಹನ್ನೊಂದು ತಿಂಗಳು ಚಿಕ್ಕವನಂತೆಯೇ ವರ್ತಿಸುತ್ತಾನೆ. ಬೇಗ ಶಾಲೆಗೆ ಸೇರಿಸುವ ಆತುರದಲ್ಲಿರುವವರು ಇದನ್ನು ಯೋಚಿಸಬೇಕು.

ಮುಂದಿನ ಪ್ರಶ್ನೆ, ಎಲ್ಲಿಗೆ ಹೋಗುವುದು. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಕಲಿಕಾ ತೊಂದರೆಯೂ ಸೇರಿವೆ ಎಂಬುದು ಬಹಳ ಪೋಷಕರಿಗೆ ತಿಳಿದಿಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ಆ ವೈದ್ಯರ ತಂಡದ ಮುಂದೆ ಹಲ್ಲು, ಕಣ್ಣು, ತೂಕದ ಜೊತೆಗೆ ಈ ಮಾತನ್ನೂ ಎತ್ತಬಹುದು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2016ರಿಂದ ಇದೆ. ಪೂರ್ಣ ಮೌಲ್ಯಮಾಪನಕ್ಕೆ ಹೆಚ್ಚಿನವರು ಮೈಸೂರಿಗೆ ಹೋಗುತ್ತಾರೆ. ಅಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಶ್ರವಣ, ಕಲಿಕೆ ಮೂರನ್ನೂ ಒಂದೇ ಕಡೆ ನೋಡಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಆದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಂಗಳೂರಿಗೆ ಸುಮಾರು 250 ಕಿ.ಮೀ. ಜಿಲ್ಲೆಗೆ ರೈಲಿಲ್ಲ. ತೋಟದಲ್ಲಿ ದಿನಗೂಲಿ ಮಾಡುವವರಿಗೆ ಒಂದು ಭೇಟಿ ಎಂದರೆ ಎರಡು ದಿನದ ಕೂಲಿ ಮತ್ತು ಬಸ್ ಖರ್ಚು. ಆದ್ದರಿಂದ ಹೋಗುವ ಒಂದು ಭೇಟಿಯೂ ವ್ಯರ್ಥವಾಗಬಾರದು. ಶಿಕ್ಷಕರಿಂದ ಒಂದು ಪುಟದ ಬರಹ, ಹಳೆಯ ನೋಟ್‌ಬುಕ್‌ಗಳು, ಅಂಕಪಟ್ಟಿ, ಹುಟ್ಟಿದಾಗಿನ ಆಸ್ಪತ್ರೆ ಕಾಗದ ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ವೈದ್ಯರ ಮುಂದೆ ಅರ್ಧ ಗಂಟೆ ಹೊಸ ಜಾಗದ ಕುತೂಹಲಕ್ಕೆ ಈ ಮಕ್ಕಳು ಚೆನ್ನಾಗಿಯೇ ಕುಳಿತುಬಿಡುತ್ತಾರೆ, ಆಗ ಆ ಕಾಗದಗಳೇ ಮಾತಾಡಬೇಕು. ಮೊದಲ ಸಲಹೆ ಕೇಳಲು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಔಷಧದ ವಿಷಯಕ್ಕೆ ಬಂದರೆ ಮನೆಯವರೆಲ್ಲ ಒಂದು ದನಿಯಾಗುತ್ತಾರೆ, ಬೇಡ ಎಂದು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐದಾರು ವರ್ಷದೊಳಗಿನ ಮಕ್ಕಳಿಗೆ ಮೊದಲು ಕೊಡಬೇಕಾದ್ದು ಔಷಧವಲ್ಲ, ತಂದೆತಾಯಿಗೆ ಮಗುವನ್ನು ನಿಭಾಯಿಸುವ ತರಬೇತಿ, ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ, ಲಕ್ಷಣಗಳು ತೀವ್ರವಾಗಿದ್ದರೆ, ಮೀಥೈಲ್‌ಫೆನಿಡೇಟ್ ಎಂಬ ಔಷಧ ಹಲವು ಮಕ್ಕಳಿಗೆ ಸ್ಪಷ್ಟವಾಗಿ ಸಹಾಯ ಮಾಡುತ್ತದೆ. ಅದು ಮಂಪರು ತರಿಸುವ ಔಷಧವಲ್ಲ. ಸೇವಿಸಿದ ಅರ್ಧ, ಒಂದು ಗಂಟೆಯಲ್ಲಿ ಕೆಲಸ ಶುರುಮಾಡಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಅದರ ಸಾಮಾನ್ಯ ಅಡ್ಡಪರಿಣಾಮಗಳು, ಎತ್ತರ ಮತ್ತು ತೂಕವನ್ನು ಆಗಾಗ ಅಳೆಯುತ್ತಿರಬೇಕು. ದುರುಪಯೋಗ ತಡೆಯಲು 1985ರ ಮಾದಕವಸ್ತು ಕಾಯ್ದೆಯಡಿ ಇದರ ಮಾರಾಟಕ್ಕೆ ಬಿಗಿ ನಿಯಮಗಳಿವೆ. ಹಾಗಾಗಿ ಸಣ್ಣ ಊರಿನ ಔಷಧದಂಗಡಿಗಳಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಚೀಟಿ ಬರೆಸುವಾಗಲೇ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬರುವುದು ಒಳ್ಳೆಯದು. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧವಿದೆ, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಯಾವುದು, ಎಷ್ಟು, ಎಷ್ಟು ದಿನ ಎಂಬುದು ವೈದ್ಯರ ತೀರ್ಮಾನ. ಔಷಧ ಮಗುವಿಗೆ ಗಣಿತ ಕಲಿಸುವುದಿಲ್ಲ, ಸ್ನೇಹಿತರನ್ನು ತಂದುಕೊಡುವುದಿಲ್ಲ. ಕಲಿಸುವಾಗ ಕಿವಿಗೊಡಲು ಅವಕಾಶ ಮಾಡಿಕೊಡುತ್ತದೆ. ಅಷ್ಟು ಮಾಡಿದರೂ ಅದು ಸಣ್ಣ ವಿಷಯವಲ್ಲ. ಹರಕೆ ಹೊತ್ತಿದ್ದೇವೆ, ದೃಷ್ಟಿ ತೆಗೆಸಿದ್ದೇವೆ ಎನ್ನುವವರಿಗೆ ನಾನು ಹೇಳುವುದು ಒಂದೇ: ಹರಕೆಯನ್ನೂ ತೀರಿಸಿ, ವೈದ್ಯರ ದಿನವನ್ನೂ ತಪ್ಪಿಸಬೇಡಿ.

ವೈದ್ಯರು ಮೂರು ತಿಂಗಳಿಗೊಮ್ಮೆ ಸಿಗುತ್ತಾರೆ. ಉಳಿದ ದಿನಗಳು ಮನೆಯವು, ಶಾಲೆಯವು.

ಫೋನ್ ಮಾಡಿದ ಆ ತಾಯಿಗೆ ನಾನು ಮೊದಲು ಹೇಳಿದ್ದು ರಜೆಯ ದಿನಕ್ಕೂ ಒಂದು ಆಕಾರ ಕೊಡಮ್ಮ ಎಂದು. ನಮ್ಮ ಮಳೆಗಾಲ ಈ ಮಕ್ಕಳ ದಿನಚರಿಯನ್ನು ಮುರಿದುಹಾಕುತ್ತದೆ. ಏಳುವ ಹೊತ್ತು ಬದಲಾಗುತ್ತದೆ, ಬೆಳಕಿಲ್ಲ, ಓಟವಿಲ್ಲ, ಕರೆಂಟ್ ಬಂದಾಗಲೆಲ್ಲ ಟಿವಿ, ಹೋದಾಗ ಜಗಳ. ಒಳಗೆ ಗಡಿಯಾರವಿಲ್ಲದ ಮಗುವಿಗೆ ಹೊರಗಿನ ಗಡಿಯಾರವೂ ಇಲ್ಲದಂತಾಗುತ್ತದೆ. ಶಾಲೆ ಇರಲಿ ಇಲ್ಲದಿರಲಿ ಏಳುವ, ತಿನ್ನುವ, ಮಲಗುವ ಹೊತ್ತು ಒಂದೇ ಇರಲಿ. ಬೆಳಿಗ್ಗೆ ಒಂದು ತಾಸು ಮೈದಣಿಯುವ ಕೆಲಸ ಬೇಕು. ಮಾಡಿನ ಕೆಳಗೆ ಹಗ್ಗದಾಟ, ಉಗ್ರಾಣದಲ್ಲಿ ಚೀಲ ಎಣಿಸುವುದು, ಕಟ್ಟಿಗೆ ಜೋಡಿಸುವುದು, ರೈನ್‌ಕೋಟ್ ಹಾಕಿ ಅಪ್ಪನ ಜೊತೆ ಗೇಟಿನವರೆಗೆ ನಡಿಗೆ. ಆಮೇಲೆ ಹತ್ತು ನಿಮಿಷ ಓದು, ಐದು ನಿಮಿಷ ಬಿಡುವು, ಮತ್ತೆ ಹತ್ತು ನಿಮಿಷ. ಹತ್ತು ನಿಮಿಷ ಎಂದರೇನೆಂದು ಕಣ್ಣಿಗೆ ಕಾಣಬೇಕು, ಮುಳ್ಳಿನ ಗಡಿಯಾರ ಎದುರಿಗಿರಬೇಕು.

ಹೇಳುವ ರೀತಿಯೂ ಬದಲಾಗಬೇಕಿತ್ತು. ಅಡುಗೆಮನೆಯಿಂದ "ಚೀಲ ಎತ್ತಿಡು, ಕೈ ತೊಳಿ, ಅಜ್ಜಿಗೆ ಕನ್ನಡಕ ಕೊಡು" ಎಂದು ಕೂಗಿದರೆ ಮೂರರಲ್ಲಿ ಒಂದೂ ನಡೆಯುವುದಿಲ್ಲ. ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಒಂದೇ ಕೆಲಸ ಹೇಳಬೇಕು. ಅದು ಮುಗಿದ ಕೂಡಲೇ, ಸಂಜೆಯವರೆಗೆ ಕಾಯದೆ, ಮುಗಿಸಿದ್ದನ್ನು ಹೆಸರಿಸಿ ಮೆಚ್ಚಬೇಕು. "ಒಳ್ಳೆಯ ಹುಡುಗ" ಎನ್ನುವುದಕ್ಕಿಂತ "ಕೂಗಿದ ತಕ್ಷಣ ಟಿವಿ ಬಿಟ್ಟು ಬಂದೆಯಲ್ಲ" ಎನ್ನುವುದು ಅವನ ನೆನಪಿನಲ್ಲಿ ಉಳಿಯುತ್ತದೆ. ವರ್ಷದ ಕೊನೆಗೆ ಸೈಕಲ್ ಕೊಡಿಸುತ್ತೇನೆ ಎಂಬ ಮಾತು ಇಂಥ ಮಗುವಿಗೆ ಏನೂ ಅಲ್ಲ. ಇವತ್ತು ರಾತ್ರಿ ಅಜ್ಜನ ಜೊತೆ ಒಂದು ಸುತ್ತು ಚೆನ್ನೆಮಣೆ ಎಂಬ ಮಾತು ಕೆಲಸ ಮಾಡುತ್ತದೆ. ಒಂದೇ ಮನೆಯಲ್ಲಿ ನಾಲ್ಕು ಹಿರಿಯರಿದ್ದರೆ ನಾಲ್ವರಿಗೂ ಒಂದೇ ನಿಯಮ ಇರಬೇಕು, ಹೆಚ್ಚಿನ ಮನೆಗಳಲ್ಲಿ ಸೋಲುವುದು ಇಲ್ಲೇ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾಗಿ ದೊಡ್ಡವರೆಲ್ಲ ಕಣದಲ್ಲೂ ತೋಟದಲ್ಲೂ ಇರುವಾಗ ಮಗುವಿನ ದಿನಚರಿ ಮತ್ತೆ ಸಡಿಲವಾಗುತ್ತದೆ. ಆ ಮೂರು ತಿಂಗಳು ಸಂಜೆಯ ಓದನ್ನು ಯಾರು ನೋಡುತ್ತಾರೆ ಎಂದು ಕೊಯ್ಲಿಗೆ ಮೊದಲೇ ತೀರ್ಮಾನವಾಗಬೇಕು.

ಒಂದು ಶಿಕ್ಷೆಯನ್ನು ಮಾತ್ರ ಯಾರೂ ಕೊಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ: ಆಟ ನಿಲ್ಲಿಸುವುದು. ಹೋಂವರ್ಕ್ ಮುಗಿದಿಲ್ಲ, ಆದ್ದರಿಂದ ಹಾಕಿಗೆ ಹೋಗುವಂತಿಲ್ಲ ಎಂಬ ತೀರ್ಪು ನಮ್ಮಲ್ಲಿ ಬಹಳ ಸಾಮಾನ್ಯ. ಮೈ ದಣಿಯುವ ಆಟ ಈ ಮಕ್ಕಳ ಗಮನವನ್ನೂ ಮನಸ್ಸಿನ ಸ್ಥಿತಿಯನ್ನೂ ಸುಧಾರಿಸುತ್ತದೆ. 1997ರಲ್ಲಿ ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾದಾಗಿನಿಂದ ಇಲ್ಲಿನ ಮಕ್ಕಳಿಗೆ ಬೇಸಿಗೆ ಎಂದರೆ ಹಾಕಿ. ದಿನವಿಡೀ ಬೈಸಿಕೊಂಡ ಹುಡುಗ ತಾನು ಸಮರ್ಥ ಎಂದು ಅರಿಯುವ ಒಂದೇ ಜಾಗ ಆ ಮೈದಾನವಾಗಿರಬಹುದು. ಅದನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು?

ಸುರಕ್ಷತೆಯ ವಿಷಯ ನಗರದ ವೈದ್ಯರು ಹೇಳುವುದಕ್ಕಿಂತ ನಮ್ಮಲ್ಲಿ ಹೆಚ್ಚು ಗಂಭೀರ. ಎಡಿಎಚ್‌ಡಿ ಇರುವ ಮಕ್ಕಳಿಗೆ ಅಪಘಾತ, ಗಾಯ ಹೆಚ್ಚು. ಯೋಚನೆಗಿಂತ ಕೈ ಮುಂದೆ ಹೋಗುವ ಮಗುವಿಗೆ ತೋಟದ ಮನೆ ಅಪಾಯಗಳ ನಡುವಿನ ಮನೆ. ಬೇಲಿಯಿಲ್ಲದ ಕೆರೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಕೀಟನಾಶಕದ ಡಬ್ಬಿ, ಕೀಲಿ ಸಮೇತ ನಿಂತ ಜೀಪು. ಸಿದ್ದಾಪುರದ ಸುತ್ತ ಮುಸ್ಸಂಜೆಗೆ ಆನೆ ರಸ್ತೆಗಿಳಿಯುತ್ತದೆ, ಸಿಟ್ಟು ಬಂದು ಮನೆಯಿಂದ ಓಡಿಹೋಗುವ ಮಗು ಓಡುವುದು ಆ ಕಡೆಗೇ. ಇನ್ನು ಕೋವಿ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಪೂಜೆಗೊಳ್ಳುವ, ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಗುಂಡು ಹಾರಿಸುವ ಆ ಕೋವಿಯ ಮೇಲಿನ ಗೌರವ ನನಗೂ ಇದೆ. ಆತುರದ ಮಗುವಿರುವ ಮನೆಯಲ್ಲಿ ಕೋವಿ ಒಂದು ಬೀಗದಲ್ಲಿ, ಕಾಡತೂಸು ಬೇರೆ ಕೋಣೆಯ ಇನ್ನೊಂದು ಬೀಗದಲ್ಲಿ, ಎರಡು ಕೀಲಿಯೂ ದೊಡ್ಡವರ ಸೊಂಟದಲ್ಲಿ ಇರಬೇಕು. "ಮುಟ್ಟಬಾರದೆಂದು ಹೇಳಿದ್ದೇವೆ" ಎಂಬ ಮಾತು ಇಲ್ಲಿ ಸಾಲದು. ಅವನಿಗೆ ಗೊತ್ತು, ಆದರೆ ಆ ಕ್ಷಣದಲ್ಲಿ ಅದು ಕೈಗೆ ಸಿಗುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಪ್ರಾಣದ ಪ್ರಶ್ನೆ.

ಶಾಲೆಯ ಬಗ್ಗೆ ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಮೂರನೇ ತರಗತಿಯ ಒಬ್ಬ ಹುಡುಗನನ್ನು ನಾನು ದಿನಾ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಪಾಠದ ನಡುವೆ ಎದ್ದು ಓಡಾಡುತ್ತಿದ್ದ, ಪಕ್ಕದವರ ಪುಸ್ತಕ ಎಳೆಯುತ್ತಿದ್ದ. ಹೊರಗೆ ನಿಂತೂ ಅವನು ಕಿಟಕಿಯಿಂದ ಉತ್ತರ ಕೂಗುತ್ತಿದ್ದ, ಉತ್ತರ ಸರಿಯಿರುತ್ತಿತ್ತು. ಅದಕ್ಕೂ ನಾನು ಗದರಿದೆ. ಏಳನೇ ತರಗತಿ ಮುಗಿಸದೆ ಅವನು ಶಾಲೆ ಬಿಟ್ಟ. ಅವನಿಗೆ ಎಡಿಎಚ್‌ಡಿ ಇತ್ತೆಂದು ಇಷ್ಟು ವರ್ಷಗಳ ಮೇಲೆ ನಾನು ಹೇಳಲಾರೆ. ಅವನು ನನ್ನ ಪಾಠವನ್ನು ಕೇಳುತ್ತಿದ್ದ ಎಂಬುದನ್ನು ಮಾತ್ರ ಹೇಳಬಲ್ಲೆ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ 2009ರಲ್ಲೇ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೋಲು ಬಹಳ ಕಡೆ ಹೋಗಿದೆ, ಅವಮಾನ ಹೋಗಿಲ್ಲ. ಇಂಥ ಮಗುವಿಗೆ ಶಿಕ್ಷಕರು ಮಾಡಬಹುದಾದ್ದು ದೊಡ್ಡದೇನಲ್ಲ. ಕಿಟಕಿ, ಬಾಗಿಲಿನಿಂದ ದೂರ, ಮೊದಲ ಸಾಲಿನಲ್ಲಿ, ಶಾಂತ ಮಗುವಿನ ಪಕ್ಕ ಕೂರಿಸುವುದು. ಹತ್ತು ಲೆಕ್ಕದ ಬದಲು ಐದು ಕೊಟ್ಟು, ಮುಗಿಸಿದ ಮೇಲೆ ಉಳಿದ ಐದು ಕೊಡುವುದು. ಡಸ್ಟರ್ ತರಲು, ಹಾಜರಿ ಪುಸ್ತಕ ಕಚೇರಿಗೆ ಮುಟ್ಟಿಸಲು ಅವನನ್ನೇ ಕಳುಹಿಸಿ ಕಾಲಿಗೆ ಕೆಲಸ ಕೊಡುವುದು. ಹೋಂವರ್ಕ್ ಬರೆದುಕೊಂಡಿದ್ದಾನೆಯೇ ಎಂದು ಬೆಲ್ ಹೊಡೆಯುವ ಮೊದಲು ಒಮ್ಮೆ ನೋಡುವುದು. ಐವತ್ತು ಮಕ್ಕಳ ನಡುವೆ, ಎಲ್ಲ ತರಗತಿಗಳನ್ನೂ ಒಬ್ಬರೇ ನೋಡುವ ಏಕೋಪಾಧ್ಯಾಯ ಶಾಲೆಯಲ್ಲಿ ಇದೂ ಭಾರವೇ ಎಂದು ನನಗೆ ಗೊತ್ತು. ಆದರೂ ದಿನಕ್ಕೆ ಹತ್ತು ಸಲ ಗದರುವುದಕ್ಕೆ ಹೋಗುವ ಸಮಯಕ್ಕಿಂತ ಇದಕ್ಕೆ ಕಡಿಮೆ ಸಮಯ ಸಾಕು.

ಕಾನೂನಿನಲ್ಲಿ ಒಂದು ಕೊರತೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಆಟಿಸಂ ಅದರಲ್ಲಿದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಎಡಿಎಚ್‌ಡಿಯೊಂದೇ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳುವಾಗ ಪೋಷಕರ ಕಾಲಡಿಯ ನೆಲ ಗಟ್ಟಿಯಿರುವುದಿಲ್ಲ. ಆದರೆ ಈ ಮಕ್ಕಳಲ್ಲಿ ಹಲವರಿಗೆ ಓದು ಬರಹದ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಅದನ್ನೂ ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವುದನ್ನು ಹತ್ತನೇ ತರಗತಿಯವರೆಗೆ ಮುಂದೂಡಬಾರದು.

"ವಸತಿ ಶಾಲೆಗೆ ಹಾಕಿದರೆ ಶಿಸ್ತು ಬರುತ್ತದೆ" ಎಂಬುದು ಕೊಡಗಿನ ಹಳೆಯ ನಂಬಿಕೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ ಇದು. ಸೈನ್ಯದಲ್ಲಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಶಿಸ್ತು ಎಂಬ ಪದಕ್ಕೆ ಇಲ್ಲಿ ಇರುವ ತೂಕ ಬೇರೆ ಕಡೆ ಇರಲಾರದು. ನಾನು ಆ ಪದವನ್ನು ಬಿಟ್ಟುಕೊಡಲು ಹೇಳುವುದಿಲ್ಲ, ಸೈನ್ಯ ಅದನ್ನು ಹೇಗೆ ಕಟ್ಟುತ್ತದೆ ಎಂದು ನೋಡಲು ಹೇಳುತ್ತೇನೆ. ಹೊಸ ಸಿಪಾಯಿಗೆ ಎಲ್ಲವೂ ತಾನಾಗಿ ನೆನಪಿರಲಿ ಎಂದು ಯಾರೂ ಬಯಸುವುದಿಲ್ಲ. ಏಳುವ ಹೊತ್ತಿಗೆ ಬ್ಯೂಗಲ್ ಊದುತ್ತದೆ. ಯಾರ ಪಾಳಿ ಯಾವಾಗ ಎಂಬುದು ಗೋಡೆಯ ಮೇಲೆ ಬರೆದಿರುತ್ತದೆ. ಬೂಟಿಗೊಂದು ಜಾಗ, ತಟ್ಟೆಗೊಂದು ಜಾಗ. ಆದೇಶ ಚಿಕ್ಕದು, ಒಂದು ಸಲಕ್ಕೆ ಒಂದೇ. ಮಾಡಿದ್ದನ್ನು ಅಲ್ಲೇ ಪರಿಶೀಲಿಸುತ್ತಾರೆ. ವಸತಿ ಶಾಲೆಯಲ್ಲಿ ಇಂಥ ವ್ಯವಸ್ಥೆಯೂ ಮಗುವನ್ನು ಬಲ್ಲ ಒಬ್ಬ ಹಿರಿಯರೂ ಇದ್ದರೆ ಅದು ನೆರವಾಗಬಹುದು. ಬರೀ ಬೈಗುಳ ಮತ್ತು ಒಂಟಿತನ ಇದ್ದರೆ ಮಗು ಇನ್ನಷ್ಟು ಮುದುಡುತ್ತದೆ, ಅದನ್ನು ಕಾಣಲು ಮನೆಯವರು ಹತ್ತಿರ ಇರುವುದೂ ಇಲ್ಲ.

ಇದನ್ನು ನಾನು ಆ ತಾಯಿಗೆ ಹೇಳುತ್ತಿರುವಾಗ ಫೋನಿನ ಪಕ್ಕದಲ್ಲಿ ಅವಳ ಮಾವನವರು ಕುಳಿತಿದ್ದರಂತೆ. ನಿವೃತ್ತ ಹವಾಲ್ದಾರರು. ಮೊಮ್ಮಗನಿಗೆ ಕಾಯಿಲೆ ಇದೆ ಎಂಬ ಮಾತನ್ನೇ ಒಪ್ಪದಿದ್ದವರು. ಮರುದಿನ ಬೆಳಿಗ್ಗೆ ಅವರು ಉಗ್ರಾಣದಿಂದ ಹಳೆಯ ಹಲಗೆಯೊಂದನ್ನು ತಂದು ಬಾಗಿಲ ಪಕ್ಕ ಮೊಳೆ ಹೊಡೆದು ನಿಲ್ಲಿಸಿದರು. ಸುಣ್ಣದ ಕಡ್ಡಿಯಲ್ಲಿ ಆರು ಸಾಲು ಬರೆದರು: ಹಲ್ಲು, ಸ್ನಾನ, ತಿಂಡಿ, ಚೀಲ, ಶೂ, ಕೊಡೆ. ಒಂದೊಂದು ಮುಗಿದಾಗಲೂ ಹುಡುಗ ಬಂದು ಗುರುತು ಹಾಕುತ್ತಾನೆ, ಆರೂ ಮುಗಿದರೆ ಅಜ್ಜ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಹೊಡೆದು ಎರಡು ತಿಂಗಳಾಯಿತು ಎಂದಳು, ಅದನ್ನೇ ಮೊದಲು ಹೇಳಿದಳು. ಹುಡುಗ ಐದು ಸಾಲಿನವರೆಗೆ ಹೆಚ್ಚಿನ ದಿನ ಬರುತ್ತಾನೆ. ಕೊಡೆಯನ್ನು ಈಗಲೂ ಮರೆಯುತ್ತಾನೆ. ಅವನ ಟೀಚರ್ ತರಗತಿಯ ಮೂಲೆಯಲ್ಲಿ ಅವನಿಗೆಂದೇ ಇನ್ನೊಂದು ಕೊಡೆ ಇಟ್ಟಿದ್ದಾರೆ.